ರುಚಿಯ ವಿವೇಕ

ರುಚಿಯೆಂಬುದು ಬರಿಯ ನಾಲಗೆಗೆ ಸೇರಿದ್ದೋ, ಬುದ್ಧಿಗೂ ನೀತಿಗೂ ಅದರಲ್ಲಿ ಪಾಲುಂಟೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ನಮ್ಮ ರಾಯದುರ್ಗ, ಮಡಕಶಿರಗಳ ಕಡೆಯ ರೈತನು ಶೇಂಗಾ ಆರಿಸುವ ಬಗೆಯನ್ನು ಗಮನಿಸಿರಿ. ಕಾಯನ್ನು ಕಿವಿಯ ಬಳಿ ಅಲುಗಿಸುತ್ತಾನೆ. ಒಡೆದು ಬೀಜದ ಬಣ್ಣ ನೋಡುತ್ತಾನೆ. ಒಂದನ್ನು ಬಾಯಿಗೆ ಹಾಕಿಕೊಂಡು ಕ್ಷಣಕಾಲ ಸುಮ್ಮನಾಗುತ್ತಾನೆ. ಅವನಲ್ಲಿರುವುದು ತಾರತಮ್ಯಜ್ಞಾನ. ಅದು ಹಣದಿಂದ ಬಂದುದಲ್ಲ, ಗಮನದಿಂದ ಬಂದುದು.

ಈ ಜ್ಞಾನವನ್ನು ನಮಗೆ ತೀರ ದೂರವಾದ ಒಂದು ವಸ್ತುವಿನ ಮೇಲಿಟ್ಟು ಪರೀಕ್ಷಿಸೋಣ. ಅದು ಫ್ರಾನ್ಸ್ ದೇಶದ ನೊರೆಯುಕ್ಕುವ ದ್ರಾಕ್ಷಾರಸ, ಷಾಂಪೇನ್. ಬರದ ಸೀಮೆಯ ಪಾಠಶಾಲೆಯವರಿಗೆ ಇದೇಕೆ ಎಂದು ವಾಚಕರು ಹುಬ್ಬೇರಿಸಬಹುದು. ದೂರದ ವಸ್ತುವಿನಲ್ಲಿ ನಮಗೆ ಮೋಹವೂ ಕಡಮೆ, ದ್ವೇಷವೂ ಕಡಮೆ. ಆದುದರಿಂದ ತೀರ್ಪು ನೇರವಾದೀತು.

ಷಾಂಪೇನ್ ಎಂಬುದು ಪ್ಯಾರಿಸ್ ನಗರದ ಮೂಡಣಕ್ಕಿರುವ ಪ್ರಾಂತದ ಹೆಸರು. ಅಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲಿಯೇ, ಗೊತ್ತಾದ ವಿಧಾನದಲ್ಲಿ ಸಿದ್ಧವಾದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಒಮ್ಮೆ ಹುದುಗಿದ ರಸವನ್ನು ಸೀಸೆಗೆ ತುಂಬಿ, ಸ್ವಲ್ಪ ಸಕ್ಕರೆಯನ್ನೂ ಯೀಸ್ಟನ್ನೂ ಸೇರಿಸಿ ಬಾಯಿ ಮುಚ್ಚುತ್ತಾರೆ. ಒಳಗೆ ಮತ್ತೊಮ್ಮೆ ಹುದುಗೇಳುವಾಗ ಹುಟ್ಟುವ ಅನಿಲವು ಹೊರಬರಲಾರದೆ ರಸದಲ್ಲಿಯೇ ಕರಗುತ್ತದೆ; ಸೀಸೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ 5-6 ಪಟ್ಟಾಗುತ್ತದೆ. ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯದೆಂದು ಹೆಸರಿಸಿದುದಾದರೆ 3 ವರ್ಷ, ಅದು ಮಾಗಬೇಕು. ತಳದ ಗಷ್ಟನ್ನು ತೆಗೆಯಲು ಸೀಸೆಯನ್ನು ದಿನದಿನವೂ ಕೊಂಚ ಕೊಂಚ ತಿರುಗಿಸುತ್ತ ತಲೆಕೆಳಗು ಮಾಡುವ ಉಪಾಯವು 19ನೆಯ ಶತಮಾನದ ಆದಿಯಲ್ಲಿ ಮದಾಂ ಕ್ಲಿಕೋ ಎಂಬಾಕೆಯ ನೆಲಮಾಳಿಗೆಯಲ್ಲಿ ರೂಪುಗೊಂಡಿತು. ಆಕೆ 1805ರಲ್ಲಿ, 27ನೆಯ ವಯಸ್ಸಿನಲ್ಲಿ ವಿಧವೆಯಾಗಿ, ಗಂಡನ ವ್ಯಾಪಾರವನ್ನು ತಾನೇ ಹೊತ್ತವಳು.

ಬಲ್ಲವರು ಇದನ್ನು ಆರಿಸುವಾಗ ಬೆಲೆಗಿಂತ ಮೊದಲು ಚೀಟಿಯನ್ನು ಓದುತ್ತಾರೆ. 'ಬ್ರೂಟ್' ಎಂದಿದ್ದರೆ ಲೀಟರಿಗೆ 12 ಗ್ರಾಮಿಗಿಂತ ಕಡಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಎಂಬ ಮಾತು ಅದಕ್ಕಿಂತಲೂ ಸಿಹಿ ಕಡಮೆಯೆಂಬ ಭ್ರಮೆ ಹುಟ್ಟಿಸಿದರೂ ಅದರಲ್ಲಿರುವುದು 12ರಿಂದ 17 ಗ್ರಾಂ. ಸವಿಯುವುದಕ್ಕೂ ಕ್ರಮವುಂಟು. ಸುಮಾರು 8ರಿಂದ 10 ಡಿಗ್ರಿಯ ತಂಪು ಸಾಕು. ಇನ್ನೂ ತಂಪಾದರೆ ಪರಿಮಳ ಅಡಗುತ್ತದೆ. ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸುರಿದು, ಮೊದಲು ಗುಳ್ಳೆಗಳ ನಯವನ್ನು ನೋಡಿ, ಅನಂತರ ಆಘ್ರಾಣಿಸಿ, ಕೊನೆಗೆ ಒಂದು ಗುಟುಕು. ಅವಸರಕ್ಕೆ ಇಲ್ಲಿ ಏನೂ ದಕ್ಕದು.

ಈ ವಿದ್ಯೆ ನಮ್ಮ ನಾಡಿಗೂ ಬಂದಿದೆ. ಮಡಕಶಿರದ ತೆಂಕಣಕ್ಕೆ, ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಎಂಬವರು 1980ರ ದಶಕದಲ್ಲಿ ಷಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆಯಿಂದ ಫ್ರೆಂಚ್ ದ್ರಾಕ್ಷಿಯ ತಳಿಗಳನ್ನು ಬೆಳೆಸಿದರು. ಆದರೂ ನಂದಿಯ ರಸ ನಂದಿಯದೇ. ಅದು ಎಷ್ಟೇ ನೊರೆಯುಕ್ಕಿದರೂ ಷಾಂಪೇನ್ ಎನಿಸದು. ಹೆಸರಿನಲ್ಲಿ ಸತ್ಯವಿರಬೇಕೆಂಬುದು ರುಚಿಯ ಮೊದಲ ನೀತಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಬದಿಗೆ ಸರಿಸಿ ಮುಂದೆ ಹೋಗುವಂತಿಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದಲ್ಲಿ ಅಕ್ಷರ ಕಲಿಯಲು ಸೇರಿದ ಹೆಂಗಸರು, ಕುಡಿತದಿಂದ ಕೆಟ್ಟ ಸಂಸಾರದ ಪಾಠವನ್ನೋದಿ, ತಮ್ಮದೇ ಕಥೆಯನ್ನು ಅದರಲ್ಲಿ ಕಂಡು, ಊರಿನ ಸಾರಾಯಿ ಅಂಗಡಿಯ ವಿರುದ್ಧ ಎದ್ದರು. ಆ ಕಿಡಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. 1993ರಲ್ಲಿ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷಿದ್ಧವಾಯಿತು. 1995ರಲ್ಲಿ ಬಂದ ಪೂರ್ಣ ಪಾನನಿರೋಧ 1997ರಲ್ಲಿ ಸಡಿಲವಾಯಿತು. ಕೂಲಿಯ ಹಣ ಮನೆಗೆ ಬಾರದೆ, ಹಸಿದ ಮಕ್ಕಳನ್ನು ಮಲಗಿಸಿದ ತಾಯಿಯ ಎದುರಿನಲ್ಲಿ ಗುಳ್ಳೆಗಳ ನಯವನ್ನು ವರ್ಣಿಸುವುದು ಯಾವ ಧರ್ಮ?

ಈ ಪ್ರಶ್ನೆಗೆ, 'ಸಿರಿವಂತನ ಪಾನ ರಸಿಕತೆ, ಬಡವನ ಪಾನ ದುಶ್ಚಟ' ಎಂಬ ಉತ್ತರ ಕೊಡುವವರುಂಟು. ಅದು ಸಲ್ಲದು. ಬೆಲೆಯು ಯಾವ ಪಾನವನ್ನೂ ಪವಿತ್ರ ಮಾಡದು. ಅತಿಥಿಗಳ ಕಣ್ಣು ಕೋರೈಸಲೆಂದು ಸೀಸೆ ಕೊಂಡವನು ಆರಿಸಿದವನೂ ಅಲ್ಲ, ಸವಿದವನೂ ಅಲ್ಲ. ಈಚಲ ಹೆಂಡವಾಗಲಿ ಷಾಂಪೇನ್ ಆಗಲಿ, ಆಯ್ಕೆ ಎಂಬ ಮಾತಿಗೆ ಅರ್ಥ ಬರುವುದು 'ಬೇಡ' ಎನ್ನುವ ಶಕ್ತಿ ಉಳಿದಿರುವವರೆಗೆ ಮಾತ್ರ. ಆ ಶಕ್ತಿ ಹೋದ ಮೇಲೆ ಮನುಷ್ಯನು ವಸ್ತುವನ್ನು ಆರಿಸುವುದಿಲ್ಲ; ವಸ್ತುವೇ ಅವನನ್ನು ಆರಿಸಿಕೊಳ್ಳುತ್ತದೆ. ತನ್ನ ಸವಿಗೆ ಇನ್ನೊಬ್ಬರು ಹಸಿವಿನಿಂದ ಬೆಲೆ ತೆರುತ್ತಿದ್ದಾರೆಯೇ ಎಂಬ ವಿಚಾರಣೆಯೂ ಆಯ್ಕೆಯ ಅಂಗವೇ. ಕಠೋಪನಿಷತ್ತು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರ್ಪಡಿಸಿ ತೋರಿಸಿದುದು ಇಂತಹ ಕವಲುದಾರಿಯಲ್ಲಿ ನಿಂತವರಿಗಾಗಿಯೇ.

ವಿದ್ಯಾರ್ಥಿಗಳು ಇದರಿಂದ ಪಡೆಯಬೇಕಾದುದು ಪಾನದ ಆಸೆಯನ್ನಲ್ಲ. ಒಂದು ವಸ್ತುವಿನ ಹಿಂದಿರುವ ದುಡಿಮೆ, ಕಾಲ, ಸೂಕ್ಷ್ಮತೆಗಳನ್ನು ಅರಿತು ಗೌರವಿಸಲು ಅದನ್ನು ಉಪಭೋಗಿಸಲೇಬೇಕೆಂದಿಲ್ಲ. ಗಮನವಿಟ್ಟು ನೋಡುವ ಅಭ್ಯಾಸವನ್ನು ಶೇಂಗಾಕಾಯಿಯಿಂದಲೂ ಕಲಿಯಬಹುದು, ಬೆಲ್ಲದ ಅಚ್ಚಿನಿಂದಲೂ ಕಲಿಯಬಹುದು. ಸವಿಯಬಲ್ಲವನು ದೊಡ್ಡವನು, ಸವಿಯುತ್ತಿರುವಾಗಲೇ ಸಾಕೆನ್ನಬಲ್ಲವನು ಇನ್ನೂ ದೊಡ್ಡವನು, ಮನೆಯವರ ಅನ್ನವನ್ನು ನೆನೆದು ಲೋಟವನ್ನು ಮುಟ್ಟದೆ ಎದ್ದು ಹೋಗಬಲ್ಲವನಿಗೆ ರುಚಿ ತಿಳಿಯದೆಂದು ಯಾರೂ ಹೇಳಲಾರರು.