ಊರಭಿಮಾನವೂ ಸತ್ಯನಿಷ್ಠೆಯೂ

ಘಟಪ್ರಭೆಯ ಜಲಪಾತಕ್ಕೆ ನೆರೆಯಾದ ಕೊಣ್ಣೂರಿನಲ್ಲಿ ಜಾತ್ರೆಯ ಕುಸ್ತಿ ನಡೆದಿದೆ ಎಂದು ಭಾವಿಸಿರಿ. ಕೆಮ್ಮಣ್ಣಿನ ಕಣದ ಸುತ್ತ ಜನ ಕಿಕ್ಕಿರಿದಿದ್ದಾರೆ; ಹಲಗೆಯ ನಾದ ಏರುತ್ತಿದೆ. ಪರಊರಿನವನ ಪಟ್ಟಿಗೆ ಸಿಕ್ಕು ನಮ್ಮೂರ ಪೈಲವಾನನ ಬೆನ್ನು ಒಂದು ಕ್ಷಣ ಮಣ್ಣಿಗೆ ಹತ್ತಿತು. ಆಚೆ ಮಗ್ಗುಲಲ್ಲಿದ್ದ ಪಂಚರಿಗೆ ಅದು ಕಾಣಲಿಲ್ಲ. ಸಮೀಪದಲ್ಲಿ ಕುಳಿತ ತಾವು ಕಂಡಿರಿ. "ಬೆನ್ನು ಹತ್ತಿತೇನು?" ಎಂದು ಪಂಚರು ಕೇಳಿದರೆ ತಾವು ಏನೆಂದು ಉತ್ತರಿಸುವಿರಿ?

ಸಣ್ಣ ಊರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಆ ಪೈಲವಾನ ನಮ್ಮ ಓಣಿಯ ಹುಡುಗ. ಅವನ ಹಾಲು-ತುಪ್ಪಕ್ಕೆ ಹತ್ತು ಮನೆಯವರು ನೆರವಾದವರು. ಕಂಡದ್ದನ್ನು ನುಡಿದವನನ್ನು ಮರುದಿನ ಚಹದಂಗಡಿಯಲ್ಲಿ ಯಾರೂ ಮಾತನಾಡಿಸಲಿಕ್ಕಿಲ್ಲ. ಊರಭಿಮಾನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತನ್ನ ಊರನ್ನು ಪ್ರೀತಿಸಲರಿಯದವನು ಲೋಕವನ್ನು ಪ್ರೀತಿಸುವನೆಂಬುದು ಬರಿಯ ಮಾತು. ಆದರೆ ಸುಳ್ಳಿನ ಆಸರೆ ಬೇಕಾದ ಅಭಿಮಾನವು ಅಭಿಮಾನವಾಗಿ ಉಳಿಯುವುದೇ?

ಕಾನೂನಿನಿಂದ ಇದಕ್ಕೆ ಪೂರ್ಣ ಉತ್ತರ ದೊರೆಯದು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಗಳಲ್ಲಿ ಮೋಸದಾಟ ನಡೆಯಿತೆಂಬ ಆರೋಪ ಬಂದು, ಆಟಗಾರರ ಬಂಧನವೂ ಆಯಿತು. ಅಲ್ಲಿಯ ತಂಡಗಳು ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ ಎಂದು ನಮ್ಮ ಊರುಗಳ ಹೆಸರನ್ನೇ ಹೊತ್ತಿದ್ದವು. 2022ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು, ಅಂಥ ಕೃತ್ಯವು ಅಂದಿನ ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನ ವಂಚನೆಯಾಗದೆಂದು ಹೇಳಿತು. ಪ್ರೇಕ್ಷಕರು ಟಿಕೆಟು ಕೊಂಡದ್ದು ಸ್ವಇಚ್ಛೆಯಿಂದ. ಅಪ್ರಾಮಾಣಿಕತೆಯಿದ್ದರೆ ಶಿಸ್ತಿನ ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಯ ಹೊಣೆ ಎಂಬುದು ತೀರ್ಪಿನ ಆಶಯ. ಆರೋಪ ನಿಜವೋ ಸುಳ್ಳೋ ಎಂಬ ಚರ್ಚೆ ನಮಗಿಲ್ಲಿ ಬೇಡ. ಟಿಕೆಟಿನ ಹಣದ ಲೆಕ್ಕ ಕಾನೂನಿಗೆ ಸಿಕ್ಕೀತು. ತನ್ನ ಊರಿನ ಹೆಸರಿಗಾಗಿ ಗಂಟಲು ಹರಿಯುವಂತೆ ಕೂಗಿದವನ ನಂಬಿಕೆಯ ಲೆಕ್ಕ ಯಾವ ಕಲಮಿಗೆ ಸಿಕ್ಕೀತು? ಆ ಲೆಕ್ಕ ಒಪ್ಪಿಸಬೇಕಾದುದು ಅಂತಃಸಾಕ್ಷಿಗೆ.

ನಿಷ್ಠೆಯೆಂದರೇನೆಂಬುದನ್ನು 12ನೆಯ ಶತಮಾನದ ಕಲ್ಯಾಣದ ಒಂದು ಬಡಮನೆ ತೋರಿಸಿಕೊಟ್ಟಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ತಂದರು. ತಂದವರು ಪತಿಯೆಂದು ಲಕ್ಕಮ್ಮನವರು ಸುಮ್ಮನಾಗಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಮರಳಿ ಕಳುಹಿಸಿದರು. ಆ ತಾಯಿಗೆ ಪತಿನಿಷ್ಠೆ ಇರಲಿಲ್ಲವೇ? ನಿಷ್ಠೆಯಿದ್ದುದರಿಂದಲೇ ಪತಿಯ ಕಾಯಕಕ್ಕೆ ಕಲೆ ಹತ್ತಗೊಡಲಿಲ್ಲ. ನಮ್ಮವರು ಮಾಡಿದ್ದೆಲ್ಲ ಸರಿಯೆಂಬುದು ನಿಷ್ಠೆಯಲ್ಲ. ನಮ್ಮವರು ತಪ್ಪಿದಾಗ ಮೊದಲು ತಡೆಯುವವರು ನಾವಾಗುವುದೇ ನಿಷ್ಠೆ.

ಕುಸ್ತಿಯ ಕಣಕ್ಕೆ ಮರಳೋಣ. ತಾವು "ಹತ್ತಲಿಲ್ಲ" ಎಂದರೆ ಊರು ಗೆಲ್ಲುವುದು, ಮೆರವಣಿಗೆ ಹೊರಡುವುದು. ಆದರೆ ಮಣ್ಣು ಹತ್ತಿದ್ದು ಪೈಲವಾನನ ಬೆನ್ನಿಗೆ ಗೊತ್ತು. ಹೆಗಲ ಮೇಲೆ ಕುಳಿತ ಆ ಹುಡುಗ ತನ್ನನ್ನು ಹೊತ್ತವರ ಮುಖ ನೋಡಲಾರ. ಸೋತೆನೆಂದು ಅರಿತವನು ಮರುದಿನ ನಸುಕಿನಲ್ಲಿ ಗರಡಿಮನೆಗೆ ಹೋಗಿ ಮೈ ಹುರಿಗೊಳಿಸಿಯಾನು. ಕದ್ದ ಗೆಲವು ಅವನಿಗೆ ಕಲಿಸುವುದಾದರೂ ಏನನ್ನು? ಅದು ಮಾರಯ್ಯನವರ ಹೆಚ್ಚಿನ ಅಕ್ಕಿಯಂತೆ. ಮನೆ ಸೇರಿದರೂ ನಮ್ಮದಾಗದು.

ಆದ್ದರಿಂದ ವಾಚಕರೇ, ನಮ್ಮೂರ ಹುಡುಗನಿಗಾಗಿ ಮನಸಾರೆ ಕೂಗಿರಿ. ಪಂಚರು ಕೇಳಿದಾಗ ಮಾತ್ರ ಕಂಡದ್ದನ್ನೇ ನುಡಿಯಿರಿ. ಅಂದು ಊರಿಗೆ ಒಂದು ಕುಸ್ತಿ ಹೋದೀತು. ಕೊಣ್ಣೂರಿನವರ ಮಾತು ಎಂದರೆ ಮಾತು ಎಂಬ ಹೆಸರು ಉಳಿದೀತು.