ಕೊಡದೆ ಇದ್ದದ್ದು

 

*ಇಂದಿನ ಧಮ್ಮ ಚಿಂತನೆ: ಎರಡನೆಯ ಶೀಲ*

ದಿನಾ ಪಂಚಶೀಲ ಹೇಳುವಾಗ ಎರಡನೆಯ ಶೀಲವನ್ನು ನಾನು ಸಲೀಸಾಗಿ ದಾಟಿಬಿಡುತ್ತಿದ್ದೆ. ಕದಿಯುವ ಚಾಳಿ ನನಗಿಲ್ಲವಲ್ಲ! ಆದರೆ ಪಾಳಿಯ 'ಅದಿನ್ನಾದಾನ' ಎಂದರೆ ಬರೀ ಕಳ್ಳತನವಲ್ಲ, *ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು*. ಈ ವ್ಯತ್ಯಾಸ ನನಗೆ ಹೊಳೆದದ್ದು ಶಾಲೆಯ ಮಕ್ಕಳೊಂದಿಗೆ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಎದುರು ನಿಂತಾಗ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ಕೆಲಸ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಇಳಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯಿಂದ ಬಂದ ನಮ್ಮ ಜನ. ಮೇಲೆ ಬಂದವರನ್ನು ತಡಕಿ ನೋಡಿಯೇ ಹೊರಗೆ ಬಿಡುತ್ತಿದ್ದರು, ಚಿನ್ನ ಕದ್ದಾರೆಂದು. ಬೆರಳಚ್ಚು ಕೊಡಿ ಎಂದಾಗ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು.

ಅವರ ಎದೆಯಲ್ಲಿ ಕೂತ ಕಲ್ಲಿನ ದೂಳನ್ನು ಮಾತ್ರ ಯಾರೂ ತಡಕಲಿಲ್ಲ. ಸಿಲಿಕೋಸಿಸ್ ಎಷ್ಟೋ ಮನೆಗಳನ್ನು ಬರಿದು ಮಾಡಿತು.

"ಕೂಲಿ ಕೊಟ್ಟರಲ್ಲ ಸಾರ್, ಅವರೇ ಒಪ್ಪಿ ಬಂದರಲ್ಲ?" ಎಂದು ಹುಡುಗನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಊರಲ್ಲಿ ಜಮೀನ್ದಾರನ ಜೀತಕ್ಕಿಂತ ಗಣಿ ಮೇಲು ಎಂದು ಬಂದವರೂ ಇದ್ದರು. ಆ ಕೂಲಿಯಲ್ಲೇ ಮಕ್ಕಳನ್ನು ಓದಿಸಿದರು. ಅಯೋತಿ ದಾಸ ಪಂಡಿತರ ಪ್ರೇರಣೆಯಿಂದ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರ ದೀಕ್ಷೆಗೂ ದಶಕಗಳ ಮೊದಲೇ!

ಆದರೂ ಹುಡುಗನಿಗೆ ಹೇಳಿದೆ: ಕೂಲಿ ಕೊಟ್ಟದ್ದು ದುಡಿಮೆಗೆ. ಶ್ವಾಸಕೋಶವನ್ನು ಅವರು ಮಾರಿರಲಿಲ್ಲ. ಬೇರೆ ಬಾಗಿಲೆಲ್ಲ ಮುಚ್ಚಿರುವಾಗ ಹೂಂ ಅಂದದ್ದು ಪೂರ್ತಿ ಒಪ್ಪಿಗೆಯೂ ಅಲ್ಲ.

ಸುಮಾರು 800 ಟನ್ ಚಿನ್ನ ಹೊರಟುಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದಿಬ್ಬಗಳು ಉಳಿದವು. ಗಾಳಿ ಬೀಸಿದರೆ ಆ ದೂಳು ಇಂದಿಗೂ ಲೈನು ಮನೆಗಳಿಗೆ ನುಗ್ಗುತ್ತದೆ. ಅದನ್ನೂ ಯಾರೂ ಕೇಳಿ ಕೊಡಲಿಲ್ಲ.

ಮುಂದಿನ ತಿಂಗಳು ಅಕ್ಕನ ಮಗಳ ಮದುವೆ. ಸೋದರಮಾವನಾಗಿ ನಾನು ಚಿನ್ನದ ಸರ ಹಾಕಬೇಕೆಂಬುದು ಮನೆಯವರ ಆಸೆ. ಅಂಗಡಿಗೂ ಹೋದೆ. ಸರ ಕೈಗೆತ್ತಿಕೊಂಡಾಗ ಅದರ ತೂಕಕ್ಕಿಂತ ಭಾರವಾಗಿತ್ತು. ಹಾಗೇ ಇಟ್ಟು ಬಂದೆ. ಅಕ್ಕನಿಗೆ ಇನ್ನೂ ಹೇಳಿಲ್ಲ, ಧೈರ್ಯ ಸಾಲುತ್ತಿಲ್ಲ.

ಶೀಲವೆಂದರೆ ನಾನು ಕದ್ದಿಲ್ಲ ಎಂಬ ಸಮಾಧಾನವಲ್ಲ. ನನ್ನ ಕೈಗೆ ಬಂದದ್ದು ಯಾರ ಕೈಯಿಂದ ಹೇಗೆ ಬಂತು ಎಂದು ಕೇಳುವ ಎಚ್ಚರ.

*ಇಂದು ಯೋಚಿಸೋಣ:* ನಮ್ಮ ಮನೆಯಲ್ಲಿರುವ ಯಾವ ವಸ್ತುವಿನ ಹಿಂದೆ ಯಾರ ಉಸಿರಿದೆ?

ಭವತು ಸಬ್ಬ ಮಂಗಲಂ. ಜೈ ಭೀಮ್. 💙