ಕೇಳದೆ ಬರೆದ ಮುಖ

ಡೊಂಬಿವಲಿ ದಾಟಿ ಕಲ್ಯಾಣದ ಕಡೆ ಹೋಗುವಾಗ ಸಿಗುವ ಮೊದಲ ಸ್ಟೇಷನ್ ಠಾಕುರ್ಲಿ. ಫಾಸ್ಟ್ ಲೋಕಲ್‌ಗಳು ಹೆಚ್ಚಾಗಿ ಇಲ್ಲಿ ನಿಲ್ಲದೆ ಧೂಳೆಬ್ಬಿಸಿ ಓಡುತ್ತವೆ. ಸ್ಲೋ ಗಾಡಿ ನಿಂತಾಗ ಒಂದೇ ಉಸಿರಿಗೆ ನೂರಾರು ಜನ ಇಳಿಯುತ್ತಾರೆ. ಆಫೀಸಿನಿಂದ ಬಂದವನು ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಅವರನ್ನು ಸ್ಕೆಚ್ ಮಾಡುವುದು ನನಗೆ ಕೆಲವು ವರ್ಷಗಳಿಂದ ಬಂದ ಚಟ.

ಒಂದು ಸಂಜೆ ಎದುರಿನ ಬೆಂಚಿನಲ್ಲಿ ಐವತ್ತರ ಆಸುಪಾಸಿನವರೊಬ್ಬರು ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು, ಬಾಯಿ ತೆರೆದು ನಿದ್ದೆಹೋಗಿದ್ದರು. ನನ್ನ ಪೆನ್ಸಿಲ್ ಅಂದಿನಷ್ಟು ಸಲೀಸಾಗಿ ಎಂದೂ ಓಡಿರಲಿಲ್ಲ. ಎಚ್ಚರಾದವರು ನೇರ ಬಂದು ಪುಸ್ತಕ ನೋಡಿದರು.

“ಇದನ್ನೇನು ಮಾಡ್ತೀರಿ?” ಎಂದು ಮರಾಠಿಯಲ್ಲಿ ಕೇಳಿದರು.

“ಏನಿಲ್ಲ, ಸುಮ್ಮನೆ ಹವ್ಯಾಸ.”

“ನಾನು ನಲ್ಲಿಯಲ್ಲಿ ಮುಖ ತೊಳೆದುಕೊಂಡೇ ಮನೆಗೆ ಹೋಗೋದು. ಮನೆಯವರೂ ನನ್ನನ್ನ ಹೀಗೆ ನೋಡಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಹಾಳೆ ಹರಿದು ಕೊಟ್ಟೆ. ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಸಾರ್ವಜನಿಕ ಜಾಗದಲ್ಲಿ ಕಂಡದ್ದನ್ನು ಬರೆದರೆ ತಪ್ಪೇನು ಎಂದು ಅಲ್ಲಿಯವರೆಗೆ ನಂಬಿದ್ದೆ. ಆದರೆ ಆಫೀಸಿನಲ್ಲಿ ಒಂದು ಮುಖ, ಮನೆಯಲ್ಲಿ ಒಂದು ಮುಖ ಹೊರಬೇಕಾದವನಿಗೆ ಯಾವ ಮುಖವನ್ನೂ ಹೊರದೆ ಇರಬಹುದಾದ ಜಾಗ ಇದೊಂದೇ. ಒಂದು ಖೋಲಿಯಲ್ಲಿ ಐದಾರು ಮಂದಿ ಬದುಕುವ ಊರಿನಲ್ಲಿ ಏಕಾಂತ ಸಿಗುವುದು ಗರ್ದಿಯಲ್ಲೇ. ಯಾರೂ ಯಾರನ್ನೂ ನೋಡುವುದಿಲ್ಲ ಎಂಬುದು ಇಲ್ಲಿಯ ಅಲಿಖಿತ ಒಪ್ಪಂದ. ಅದನ್ನು ಮುರಿದವನು ನಾನು.

ಹಾಗೆಂದು ನೋಡದಿರುವುದೇ ಮರ್ಯಾದೆಯೇ? ಚದರ ಮೀಟರಿಗೆ ಹದಿನಾಲ್ಕು ಹದಿನಾರು ಜನ ನಿಂತು ಹೋಗುವ ಸ್ಥಿತಿಗೆ ರೈಲ್ವೆಯವರ ಬಳಿ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಹೆಸರಿದೆ. ಆ ಲೆಕ್ಕದಲ್ಲಿ ಯಾರಿಗೂ ಮುಖವಿಲ್ಲ. ಒಬ್ಬನ ಕುತ್ತಿಗೆಯ ವಾಲು, ಬ್ಯಾಗಿನ ಪಟ್ಟಿಗೆ ಸವೆದ ಭುಜ ಕಾಣಬೇಕಾದರೆ ಯಾರಾದರೂ ನಿಂತು ನೋಡಲೇಬೇಕು.

ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಆರ್. ಕೆ. ಲಕ್ಷ್ಮಣ್ ಮೊದಮೊದಲು ವ್ಯಂಗ್ಯಚಿತ್ರಗಳಲ್ಲಿ ನಾನಾ ಪ್ರಾಂತ್ಯದ ಜನರನ್ನು ತುಂಬಿಸುತ್ತಿದ್ದರು. ಕೊನೆಗೆ ಚೌಕಳಿ ಕೋಟಿನ ಒಬ್ಬನೇ ಉಳಿದ. ಅವನು ಯಾರೂ ಅಲ್ಲ; ಆದ್ದರಿಂದ ತನ್ನ ಚಿತ್ರ ವಾಪಸ್ ಕೊಡಿ ಎಂದು ಯಾರೂ ಕೇಳಲಿಲ್ಲ. ನನ್ನೆದುರು ಇದ್ದದ್ದು ಶ್ರೀಸಾಮಾನ್ಯನಲ್ಲ, ಮುಖ ತೊಳೆಯಲು ನಲ್ಲಿ ಹುಡುಕುವ ಒಬ್ಬ ಗೃಹಸ್ಥ.

ಈಗ ಕೇಳದೆ ಬರೆಯುವುದು ಬೆನ್ನು, ಕೈ, ಚಪ್ಪಲಿ, ಡಬ್ಬಿ ಮಾತ್ರ. ಮುಖ ಬೇಕಿದ್ದರೆ ಕೇಳುತ್ತೇನೆ. ಕೇಳಿದ ಕೂಡಲೇ ಜನ ಸೆಟೆದು ಕೂರುತ್ತಾರೆ, ಕೂದಲು ಸರಿಮಾಡಿಕೊಳ್ಳುತ್ತಾರೆ. ನಾನು ಹುಡುಕುತ್ತಿದ್ದ ನಿಜ ಅಲ್ಲಿಗೆ ಮಾಯ. ಚಿತ್ರ ಸಪ್ಪೆಯಾಗುತ್ತದೆ. ಆ ನಷ್ಟ ನನಗಿರಲಿ, ಅವರಿಗೆ ಬೇಡ ಎಂದುಕೊಂಡಿದ್ದೇನೆ.

ಮೊನ್ನೆ ಲೋಕಲ್‌ನಲ್ಲಿ ನಾನೇ ತೂಕಡಿಸಿ ಠಾಕುರ್ಲಿಯಲ್ಲಿ ಗಡಬಡಿಸಿ ಎದ್ದೆ. ಬಾಯಿ ತೆರೆದಿತ್ತೇನೋ. ಸುತ್ತ ನೋಡಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಷ್ಟು ಹಗುರವೆನಿಸಿತೆಂದರೆ, ಇಳಿದ ಮೇಲೆ ನಾನೂ ನಲ್ಲಿಯ ಬಳಿ ಸ್ವಲ್ಪ ಹೊತ್ತು ನಿಂತೆ.